ಸೂಗಮ್ಮನ ಡಬ್ಬಿಯ ಒಂಟಿ ಸೀಟು

ಕ್ಷಮಿಸುವವರು ದೊಡ್ಡವರು ಎಂದು ದೇವದುರ್ಗದ ಶಾಲೆಯಲ್ಲಿ ನಾನೇ ಪಾಠ ಮಾಡುತ್ತೇನೆ. ಮಾಡಿ, ಸೀಮೆಸುಣ್ಣದ ಕೈ ತೊಳೆದುಕೊಂಡು ಮನೆಗೆ ಬರುತ್ತೇನೆ. ನಮ್ಮ ದೊಡ್ಡವ್ವ ಸೂಗಮ್ಮ ಮಾತ್ರ ಕ್ಷಮಿಸಲಿಲ್ಲ. ಅವಳಿಗೆ ಬುದ್ಧಿ ಹೇಳಲು ಬಂದವರು ಬೇಕಾದಷ್ಟು ಮಂದಿ. ಶರಣರ ಮಾತು ಹೇಳಿದರು, ಬುದ್ಧನ ಮಾತು ಹೇಳಿದರು, ಹೋದ ಜೀವ ತಿರುಗಿ ಬರುತ್ತದೇನು ಎಂದರು. ಹೇಳಿದವರಲ್ಲಿ ಒಬ್ಬರ ಗಂಡನೂ ಪ್ಲಾಟ್‌ಫಾರ್ಮಿನ ಮೇಲೆ ಸತ್ತಿರಲಿಲ್ಲ. ನನಗೆ ಅವರ ಮೇಲೆ ಈಗಲೂ ಸಿಟ್ಟಿದೆ.

ನಮ್ಮೂರು ಮಾನ್ವಿ ತಾಲ್ಲೂಕಿನ ಬಾಗಲವಾಡ. ಕಾಲುವೆ ನೀರು ಬಂದ ಮೇಲೆ ಊರ ಸುತ್ತ ಭತ್ತ ಬಂತು, ಭತ್ತದ ಹಿಂದೆ ಮಾನ್ವಿಯಲ್ಲಿ ಅಕ್ಕಿ ಮಿಲ್ಲುಗಳು ಬಂದವು. ಭೂಮಿ ಇದ್ದವರು ಸಾಹುಕಾರರಾದರು, ನಮ್ಮ ಕೇರಿಯವರು ಅವರ ಚೀಲ ಹೊತ್ತರು. ದೊಡ್ಡವ್ವನ ಗಂಡ ಗಡಿಗೆಪ್ಪ, ಮಾನ್ವಿಯ ಮರಿಸ್ವಾಮಿ ಸಾಹುಕಾರರ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಎತ್ತರದ ಆಳು, ಮೆತ್ತನೆಯ ಮಾತು, ಊಟದಲ್ಲಿ ಹಸಿ ಉಳ್ಳಾಗಡ್ಡಿ ಇಲ್ಲದಿದ್ದರೆ ಮಾತ್ರ ಮುಖ ಊದಿಸುತ್ತಿದ್ದ ಎಂದು ನನ್ನವ್ವ ಹಂಪಮ್ಮ ಹೇಳುತ್ತಿದ್ದಳು. ಎಪ್ಪತ್ತೆರಡರಲ್ಲಿ, ಒಂದರ ಮೇಲೊಂದು ಒಟ್ಟಿದ್ದ ಭತ್ತದ ಚೀಲಗಳು ಕುಸಿದು ಅವನ ಎದೆಯ ಮೇಲೆ ಬಿದ್ದವು. ಮಿಲ್ಲಿನವರು ಅವನನ್ನು ಚಕ್ಕಡಿಯಲ್ಲಿ ಹಾಕಿ ಊರಿಗೆ ಕಳಿಸಿ ಕೈ ತೊಳೆದುಕೊಂಡರು.

ಉಸಿರು ತೆಗೆದರೆ ನೋವು, ಬಿಟ್ಟರೆ ನೋವು. ಮಾನ್ವಿಯ ಡಾಕ್ಟರು, ಸೊಲ್ಲಾಪುರದ ದೊಡ್ಡ ದವಾಖಾನೆಗೆ ಒಯ್ಯಿರಿ, ತಡಮಾಡಬೇಡಿ ಎಂದರು. ದೊಡ್ಡವ್ವ ಗಂಡನನ್ನು ಬಸ್ಸಿನಲ್ಲಿ ರಾಯಚೂರಿಗೆ ತಂದಳು. ಆಗ ಸೊಲ್ಲಾಪುರದ ಪ್ಯಾಸೆಂಜರ್ ಗಾಡಿ ರಾಯಚೂರಿನಿಂದಲೇ ಹೊರಡುತ್ತಿತ್ತು. ಖಾಲಿ ಗಾಡಿ ಬಂದು ನಿಲ್ಲುತ್ತಿತ್ತು, ಮೊದಲು ಬಂದವರಿಗೆ ಜಾಗ. ಬಟ್ಟೆ ಹಾಸಿದವನದೇ ಸೀಟು, ಅದನ್ನು ಯಾರೂ ಮುಟ್ಟಬಾರದು ಎನ್ನುವುದು ಅಲ್ಲಿಯ ರಿವಾಜು. ದೊಡ್ಡವ್ವ ಎಲ್ಲರಿಗಿಂತ ಮೊದಲು ಹತ್ತಿ, ಒಂದು ಬೆಂಚಿನ ಮೇಲೆ ಕೌದಿ ಹಾಸಿ ಗಂಡನನ್ನು ಮಲಗಿಸಿದಳು.

ಆಗ ಬಂತು ಮದುವೆಯ ನಿಬ್ಬಣ. ಮರಿಸ್ವಾಮಿ ತನ್ನ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದ. ಜರಿ ಸೀರೆ, ಟ್ರಂಕು, ಬುಂದೆ ಲಾಡುವಿನ ಬುಟ್ಟಿ, ಒಂದು ಹಿಂಡು ಜನ. ಎಲ್ಲರಿಗೂ ಜಾಗ ಸಾಲಲಿಲ್ಲ. ಮರಿಸ್ವಾಮಿ ನಮ್ಮವರ ಮುಂದೆ ಬಂದು ನಿಂತ. ತನ್ನ ಮಿಲ್ಲಿನ ಚೀಲದ ಕೆಳಗೆ ಬಿದ್ದವನ ಗುರುತೂ ಅವನಿಗೆ ಹತ್ತಲಿಲ್ಲ. ಕೊಡೆಯ ತುದಿಯಿಂದ ಕೌದಿ ತೋರಿಸಿ, "ನಮ್ಮ ಮದಿವಿ ಮಂದಿ ನಿಂತು, ಕೇರಿಯವ ಉದ್ದಕ ಮಲಗಿ ಹೋಗ್ತಾನೇನು? ತಗೀರಿ ಅದನ್ನ" ಎಂದ.

ಆಳುಗಳು ದೊಡ್ಡಪ್ಪನನ್ನು ಎತ್ತಿ ಕೆಳಗಿಳಿಸಿದರು, ಕೌದಿಯನ್ನು ಕಿಟಕಿಯಿಂದ ಎಸೆದರು. ದೊಡ್ಡವ್ವ ಗಂಡನ ತಲೆ ಹಿಡಿಯುವುದೋ ಕೌದಿ ಆರಿಸಿಕೊಳ್ಳುವುದೋ ತಿಳಿಯದೆ ಒದರುತ್ತಿದ್ದಾಗಲೇ ಗಾಡಿ ಬಿಟ್ಟಿತು. ಇನ್ನೊಂದು ಗಾಡಿ ಮರುದಿನಕ್ಕೆ. ಅದು ಬರುವಷ್ಟರಲ್ಲಿ ದೊಡ್ಡಪ್ಪ ಇರಲಿಲ್ಲ. ಸೊಲ್ಲಾಪುರ ಮುಟ್ಟಿದ್ದರೆ ಬದುಕುತ್ತಿದ್ದನೇ? ಯಾರಿಗೆ ಗೊತ್ತು? ಗೊತ್ತಾಗಲು ಬಿಡಲಿಲ್ಲವಲ್ಲ, ನಮ್ಮ ಸಿಟ್ಟು ಅದೇ.

ದೊಡ್ಡವ್ವ ಬಾಗಲವಾಡಕ್ಕೆ ತಿರುಗಿ ಹೋಗಲಿಲ್ಲ. ಸ್ಟೇಷನ್ನಿನ ಹಿಂದೆ ಒಂದು ಜೋಪಡಿ ಹಾಕಿಕೊಂಡು, ಕಂತ್ರಾಟುದಾರನ ಕೈಕೆಳಗೆ ಗಾಡಿಯ ಡಬ್ಬಿಗಳ ಕಸ ಹೊಡೆಯುವ ಕೆಲಸಕ್ಕೆ ಸೇರಿದಳು. ನನ್ನವ್ವ ಕರೆಯಲು ಹೋದಾಗ ದೊಡ್ಡವ್ವ ಹೇಳಿದ್ದು ಇಷ್ಟೇ:

"ಅವ ಒಂದಲ್ಲ ಒಂದಿನ ಈ ಟೇಶನ್ನಿಗೆ ಬರ್ತಾನ. ನನ್ನ ಮುಂದ ಕೈ ಮುಗದು ಸೀಟ ಕೇಳಬೇಕು. ನಾ ಇಲ್ಲ ಅನ್ನಬೇಕು. ಅಷ್ಟ ನೋಡು ಹಂಪಿ, ಅಷ್ಟಾದ್ರ ಸಾಕು."

"ಹುಚ್ಚಿ ಅದೀ ನೀನು" ಎಂದಳು ಅವ್ವ. "ಕಸ ಹೊಡಿಯಾಕಿ ಮುಂದ ಸಾಹುಕಾರ ಯಾಕ ಕೈ ಮುಗೀತಾನ ಬೇ?"

ಅವ್ವ ಹೇಳಿದ್ದು ಸುಳ್ಳಲ್ಲ. ಮಗಳನ್ನು ನೋಡಲು ಮರಿಸ್ವಾಮಿ ಸೊಲ್ಲಾಪುರಕ್ಕೆ ಆಗಾಗ ಹೋಗುತ್ತಿದ್ದ, ಆದರೆ ಫಸ್ಟ್ ಕ್ಲಾಸಿನಲ್ಲಿ. ಬಿಳಿ ಧೋತರ, ಕರಿ ಟೊಪ್ಪಿಗೆ, ಹಿಂದೆ ಒಬ್ಬ ಆಳು. ದೊಡ್ಡವ್ವ ಕಸಬರಿಗೆ ಹಿಡಿದು ನೋಡುತ್ತ ನಿಲ್ಲುತ್ತಿದ್ದಳು. ಅವನು ಒಮ್ಮೆಯೂ ಅವಳ ಕಡೆ ನೋಡಲಿಲ್ಲ. ಸಣ್ಣ ಹುಡುಗಿ ನಾನು, ಶಾಲೆಯ ರಜೆಗೆ ಹೋದಾಗ ಅವನನ್ನು ತೋರಿಸಿ, "ನೋಡಿಟ್ಟಕೋ ಗೋಪಿ" ಎನ್ನುತ್ತಿದ್ದಳು. ನಾನು ನೋಡಿಟ್ಟುಕೊಂಡೆ. ಮಕ್ಕಳಿಗೆ ಚಂದಮಾಮ ತೋರಿಸಿ ಉಣಿಸುತ್ತಾರೆ, ನನಗೆ ಮರಿಸ್ವಾಮಿಯನ್ನು ತೋರಿಸಿ ಉಣಿಸಿದರು.

ಎಂಬತ್ತೆರಡರಲ್ಲಿ ರೈಲ್ವೆಯವರು ಗಾಡಿಗಳ ದಾರಿ ಬದಲಿಸಿದರು. ಎಲ್ಲೋ ದೊಡ್ಡ ಆಫೀಸಿನಲ್ಲಿ ಕೂತು ಯಾರೋ ನಕಾಶೆಯ ಮೇಲೆ ಗೆರೆ ಎಳೆದಿರಬೇಕು. ರಾಯಚೂರಿನಿಂದ ಹೊರಡುತ್ತಿದ್ದ ಸೊಲ್ಲಾಪುರದ ಗಾಡಿ ಇನ್ನು ಗುಂತಕಲ್ಲಿನಿಂದಲೇ ಹೊರಡುವುದಾಯಿತು. ಸಿಕಂದರಾಬಾದಿನಿಂದ ಗುಂತಕಲ್ಲಿಗೆ ಹೋಗುತ್ತಿದ್ದ ಇನ್ನೊಂದು ಗಾಡಿಯನ್ನು ರಾಯಚೂರಿಗೇ ನಿಲ್ಲಿಸಿದರು. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆ ಬಿದ್ದದ್ದು ನಮ್ಮ ಸ್ಟೇಷನ್ನಿನ ಮೇಲೆ.

ಆ ಮೇಲಿನ ಗದ್ದಲ ಏನು ಕೇಳುತ್ತೀರಿ! ಸಿಕಂದರಾಬಾದಿನ ಗಾಡಿಯವರೆಲ್ಲ ಇಲ್ಲಿ ಇಳಿದು, ಮುಂದಿನ ಗಾಡಿಗಾಗಿ ಟ್ರಂಕು ಹಾಕಿಕೊಂಡು ಕೂರುತ್ತಿದ್ದರು. ಅವರ ನಡುವೆ ಮಾನ್ವಿ, ದೇವದುರ್ಗ, ಗಿಲ್ಲೆಸುಗೂರಿನ ಬಸ್ಸುಗಳಿಂದ ಇಳಿದ ನಮ್ಮ ಜನ ಸೊಲ್ಲಾಪುರದ ಗಾಡಿ ಹಿಡಿಯಲು ನುಗ್ಗಬೇಕು. ಆ ಗಾಡಿಯೋ, ಆದೋನಿಯವರಿಂದಲೇ ತುಂಬಿ, ಬಾಗಿಲಿಗೆ ಜೋತುಬಿದ್ದ ಜನರೊಡನೆ ಬರುತ್ತಿತ್ತು. ಇಳಿಯುವವರು ಇಳಿಯಲಾರರು, ಹತ್ತುವವರು ಹತ್ತಲಾರರು. ಮೆಣಸಿನಕಾಯಿ ಚೀಲ ಒಡೆದು ಇಡೀ ಪ್ಲಾಟ್‌ಫಾರ್ಮು ಸೀನುತ್ತಿತ್ತು. ಚಹಾ ಮಾರುವ ನೂರ್ ಬೀ ಕಿಟ್ಲಿ ಎತ್ತಿ ಹಿಡಿದು, "ಹಾಯ್ ಅಲ್ಲಾ, ಚಾ ಮಾರಾಕ ಬಂದು ಚಾದಾಗ ಮೈ ತೊಳಕೊಳ್ಳಾಕತ್ತೀನಿ" ಎಂದು ಚೀರುತ್ತಿದ್ದಳು. ಇಷ್ಟು ಸಾಲದೆಂದು ಆ ಗಾಡಿಯ ಫಸ್ಟ್ ಕ್ಲಾಸ್ ಡಬ್ಬಿಯನ್ನೂ ತೆಗೆದುಹಾಕಿದರು.

ಊರ ಜನ ಕೂಗಾಡಿದ ಮೇಲೆ ರೈಲ್ವೆಯವರು ಒಂದು ಡಬ್ಬಿ ಕೊಟ್ಟರು, ಒಂದೇ ಒಂದು. ಅದು ರಾಯಚೂರಿನ ಪಕ್ಕದ ಹಳಿಯ ಮೇಲೆ ನಿಂತಿರುತ್ತಿತ್ತು, ಗುಂತಕಲ್ಲಿನ ಗಾಡಿ ಬಂದಾಗ ಬಾಲಕ್ಕೆ ಜೋಡಿಸುತ್ತಿದ್ದರು. ಅಷ್ಟು ಉದ್ದದ ಗಾಡಿಯಲ್ಲಿ ಖಾಲಿ ಸೀಟು ಎಂಬುದು ಅದೊಂದರಲ್ಲೇ. ಅದರ ಕಸ ಹೊಡೆಯುವವಳು ನಮ್ಮ ದೊಡ್ಡವ್ವ.

ಎಲ್ಲರಿಗಿಂತ ಮೊದಲು ಆ ಡಬ್ಬಿ ಹತ್ತುವವಳು ಅವಳು. ಹಳೆಯ ಸೀರೆಯ ತುಂಡುಗಳನ್ನು ಸೀಟಿನ ಮೇಲೆ ಹಾಕಿದಳೆಂದರೆ ಮುಗಿಯಿತು, ಬಟ್ಟೆ ಹಾಕಿದ್ದಕ್ಕೆ ಯಾರೂ ತಕರಾರು ತೆಗೆಯುವಂತಿಲ್ಲ. ರೋಗಿಗಳು, ಬಸುರಿ ಬಾಣಂತಿಯರು, ಮುದುಕರು ಮೊದಲು. ಉಳಿದದ್ದು ಅವಳ ಮನಸ್ಸಿಗೆ ಬಂದವರಿಗೆ. ಸ್ಟೇಷನ್ನಿನ ಹಮಾಲ ಹುಸೇನಪ್ಪ, "ದೇವರು ಕೊಟ್ರೂ ಪೂಜಾರಿ ಕೊಡಾಂಗಿಲ್ಲ ಅಂದಂಗ, ರೈಲ್ವೆ ಕೊಟ್ರೂ ಸೂಗಮ್ಮ ಕೊಡಬೇಕಲ್ರೀ" ಎಂದು ಹೊಸಬರಿಗೆ ಹೇಳಿ ನಗಿಸುತ್ತಿದ್ದ. ಒಂದು ವರ್ಷ ತುಂಬುವುದರೊಳಗೆ ಅದು ಸೂಗಮ್ಮನ ಡಬ್ಬಿ ಎಂದೇ ಹೆಸರಾಯಿತು. ಕರಣಿಕರು, ಮಾಸ್ತರರು, ಅಂಗಡಿ ಶೆಟ್ಟರು, ಎಲ್ಲರೂ "ಯವ್ವಾ ಸೂಗಮ್ಮ" ಎಂದು ಕೈ ಮುಗಿಯುವವರೇ. ಅವ್ವ ಅದನ್ನು ಕಣ್ಣಾರೆ ಕಂಡು ಸುಮ್ಮನಾದಳು. ದೊಡ್ಡವ್ವ ಮಾತ್ರ ಒಬ್ಬನಿಗಾಗಿ ಕಾಯುತ್ತಿದ್ದಳು.

ಎಂಬತ್ಮೂರರ ಬೇಸಿಗೆಯಲ್ಲಿ ಅವನು ಬಂದ. ನಾನು ಗುಲ್ಬರ್ಗಾದಲ್ಲಿ ಶಿಕ್ಷಕಿಯ ತರಬೇತಿಗೆ ಸೇರಿದ್ದೆ, ರಜೆ ಮುಗಿಸಿ ಅದೇ ಗಾಡಿಗೆ ಹೊರಟಿದ್ದೆ. ಮರಿಸ್ವಾಮಿ ಸೊರಗಿಹೋಗಿದ್ದ. ಟೊಪ್ಪಿಗೆಯ ಕೆಳಗೆ ಕೂದಲು ಬೆಳ್ಳಗಾಗಿ, ಕಾಲು ಎಳೆಯುತ್ತ ನಡೆಯುತ್ತಿದ್ದ. ಜೊತೆಗೆ ಆಳಿಲ್ಲ. ಜನರ ನಡುವೆ ಜಜ್ಜಿಸಿಕೊಂಡು ಪಕ್ಕದ ಹಳಿಯ ತನಕ ಬಂದು, ಡಬ್ಬಿಯ ಬಾಗಿಲಲ್ಲಿದ್ದ ದೊಡ್ಡವ್ವನ ಮುಂದೆ ನಿಂತು ಎರಡೂ ಕೈ ಜೋಡಿಸಿದ.

"ಯವ್ವಾ, ಮಗಳು ಹಾಸಿಗಿ ಹಿಡದಾಳ, ಹೋಗಲೇಬೇಕು. ನಿಂದ್ರಾಕ ಆಗೂದಿಲ್ಲ, ಮೊಣಕಾಲು ಹೋಗ್ಯಾವ. ಒಂದ ಸೀಟು ಮಾಡಿಕೊಡು, ನಿನಗ ಪುಣ್ಯ ಬರ್ತದ."

ದೊಡ್ಡವ್ವ ಅವನ ಜೋಡಿಸಿದ ಕೈಗಳನ್ನು ನೋಡಿದಳು. ಆಮೇಲೆ, ಅಷ್ಟು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೇಳಿದಳು.

"ಇಲ್ಲ."

"ಆತು ಬಿಡವ್ವ" ಎಂದ ಮರಿಸ್ವಾಮಿ. ಕೈ ಇಳಿಸಿ, ಅತ್ತ ತಿರುಗಿ ಹುಸೇನಪ್ಪನನ್ನು ಕರೆಯತೊಡಗಿದ.

ಅಷ್ಟೇ! ವ್ಯಾಪಾರದವನಿಗೆ ಕೈ ಮುಗಿಯುವುದೇನು ದೊಡ್ಡದು? ದಿನಕ್ಕೆ ಹತ್ತು ಕಡೆ ಮುಗಿಯುತ್ತಾನೆ, ಇಲ್ಲ ಎಂದರೆ ಹನ್ನೊಂದನೆಯ ಕಡೆ ಹೋಗುತ್ತಾನೆ. ದೊಡ್ಡವ್ವ ಡಬ್ಬಿಯಿಂದ ಧುಮುಕಿ ಅವನ ದಾರಿಗೆ ಅಡ್ಡ ನಿಂತಳು.

"ನಾ ಯಾರು ಗೊತ್ತದೇನ್ರಿ?"

"ಡಬ್ಬಿ ಸೂಗಮ್ಮ ಅಲ್ಲೇನವ್ವ? ಮಾನ್ವಿ ತಾಲ್ಲೂಕಿಗೆಲ್ಲ ಗೊತ್ತದ."

"ನಿಮ್ಮ ಮಗಳ ಮದಿವಿಗೆ ಹೋಗೂ ದಿನ, ಬ್ಯಾನಿ ಬಿದ್ದ ಗಂಡಸನ್ನ ಕೆಳಗಿಳಿಸಿ, ಅವನ ಕೌದಿ ಕಿಟಕ್ಯಾಗಿಂದ ಒಗಸಿದ್ರಿ. ಅವ ನನ್ನ ಗಂಡ. ಮರುದಿನ ಇಲ್ಲೇ ಜೀವ ಬಿಟ್ಟ."

ಮರಿಸ್ವಾಮಿ ಹಣೆ ಗಂಟಿಕ್ಕಿ ಯೋಚಿಸಿದ. ನಾಟಕವಲ್ಲ, ನಿಜವಾಗಿಯೇ ಯೋಚಿಸಿದ. ಅದನ್ನು ನೋಡಿ ನನ್ನ ರಕ್ತ ಕುದಿಯಿತು.

"ಇರಬಹುದವ್ವ" ಎಂದ. "ಆ ದಿನ ಭಾಳ ಗದ್ದಲಿತ್ತು. ಎಷ್ಟ ಮಂದಿನ್ನ ಎಬ್ಬಿಸೀವೋ, ಯಾವುದಂತ ನೆನಪಿಡ್ಲಿ?"

ದೊಡ್ಡವ್ವನ ಮುಖ ಸುಣ್ಣವಾಯಿತು. ಇವಳು ಹನ್ನೊಂದು ವರ್ಷ ಅವನನ್ನು ಹಗಲೂ ರಾತ್ರಿ ಹೊತ್ತುಕೊಂಡು ತಿರುಗಿದ್ದಳು. ಅವನ ತಲೆಯಲ್ಲಿ ಇವಳಿಗೆ, ಸತ್ತ ಗಂಡನಿಗೆ, ಒಂದು ಸಾಸಿವೆ ಕಾಳಿನಷ್ಟೂ ಜಾಗ ಇರಲಿಲ್ಲ. ಎತ್ತಿ ಕಪಾಳಕ್ಕೆ ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಲಿ ಎಂದು ಹಾರೈಸಿದೆ ಕೂಡ.

ಅವಳು ಸೆರಗು ಸರಿಮಾಡಿಕೊಂಡು, "ಬರ್ರಿ ಸಾಹುಕಾರ್ರ, ಸೀಟು ಕೊಡ್ತೀನಿ" ಎಂದಳು.

"ದೊಡ್ಡವ್ವಾ!" ಎಂದೆ ನಾನು.

"ನೀ ಸುಮ್ಕಿರು."

ಡಬ್ಬಿಯಲ್ಲಿ ಕಿಟಕಿಗೆ ಹತ್ತಿದ ಒಂಟಿ ಸೀಟು ಒಂದಿತ್ತು, ಎಲ್ಲಕ್ಕಿಂತ ಚೊಕ್ಕದ್ದು. ಅದನ್ನು ಸೆರಗಿನಿಂದ ಒರೆಸಿ ಅವನನ್ನು ಕೂರಿಸಿದಳು. ಅವನು ಕಾಲು ಚಾಚಿ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸಿದ. ನಾನು ಸಿಟ್ಟಿನಿಂದ ಅಳುವುದೊಂದು ಬಾಕಿ. ಅಷ್ಟರಲ್ಲಿ ಗುಂತಕಲ್ಲಿನ ಗಾಡಿ ಬಂತು, ಡಬ್ಬಿಯನ್ನು ಜೋಡಿಸಿದರು, ನಾನೂ ಹತ್ತಿ ಆ ಸೀಟಿನ ಹತ್ತಿರ ನಿಂತೆ, ಜನ ನುಗ್ಗಿದರು. ಬೆಂಚುಗಳು ತುಂಬಿದವು, ನಡುವಿನ ದಾರಿ ತುಂಬಿತು, ಸಾಮಾನಿಡುವ ಹಲಗೆಯ ಮೇಲೂ ಜನ ಹತ್ತಿ ಕೂತರು. ಒಳಗೆ ಕೈ ಎತ್ತಿದವರಿಗೆ ಕೈ ಇಳಿಸಲು ಜಾಗವಿರಲಿಲ್ಲ. ಹೆಚ್ಚಿನವರು ಮಾನ್ವಿ, ದೇವದುರ್ಗದ ಕಡೆಯವರೇ. ಆಗ ದೊಡ್ಡವ್ವ ಕೆಳಗಿನಿಂದ ಕಿಟಕಿಯ ಸರಳು ಹಿಡಿದು ದನಿ ಎತ್ತಿದಳು.

"ಏ ಮಾನ್ವಿ ಮಂದಿ, ದೇವದುರ್ಗದ ಮಂದಿ, ಎಲ್ರೂ ಕೇಳ್ರಿ! ಈ ಒಂಟಿ ಸೀಟಿನ್ಯಾಗ ಕುಂತಾರಲ್ಲ, ಇವ್ರು ಮಿಲ್ಲಿನ ಮರಿಸ್ವಾಮಿ ಸಾಹುಕಾರ್ರು. ನನ್ನ ಗಂಡ ಇವ್ರ ಮಿಲ್ಲಿನ್ಯಾಗ ದುಡದು, ಇವ್ರ ಚೀಲ ಬಿದ್ದು ಎದಿ ಮುರಕೊಂಡಿದ್ದ. ದವಾಖಾನಿಗೆ ಹೊಂಟವನ್ನ ಈ ಗಾಡಿಯಿಂದ ಇಳಿಸಿ, ಅವನ ಸೀಟಿನ್ಯಾಗ ಇವ್ರ ಮದಿವಿ ಮಂದಿ ಕುಂತು ಹೋದ್ರು. ನನ್ನ ಗಂಡ ಈ ನೆಲದ ಮ್ಯಾಲ ಸತ್ತ. ಇವ್ರಿಗೆ ನೆನಪಿಲ್ಲಂತ! ಇವತ್ತು ಇವ್ರು ಸೀಟ ಕೇಳಿದ್ರು, ನಾ ಕೊಟ್ಟೀನಿ. ಇದು ಇವ್ರ ಸೀಟು. ಸೊಲ್ಲಾಪುರದ ಮಟ ಯಾರೂ ಇವ್ರನ್ನ ಎಬ್ಬಿಸಬ್ಯಾಡ್ರಿ!"

ಗಾಡಿ ಹೊರಟಿತು. ಎಲ್ಲರ ಕಣ್ಣೂ ಆ ಒಂಟಿ ಸೀಟಿನ ಮೇಲೆ. ಮರಿಸ್ವಾಮಿ ಕಿಟಕಿಯ ಹೊರಗೆ ನೋಡಿದ, ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಂಡ, ಮತ್ತೆ ಹಾಕಿಕೊಂಡ. ಇಳಿದು ಹೋಗೋಣವೆಂದರೆ ಬಾಗಿಲ ತನಕ ಜನರ ಗೋಡೆ. ಕೃಷ್ಣಾ ಸೇತುವೆ ದಾಟುವಷ್ಟರಲ್ಲಿ ತಡೆಯಲಾಗದೆ ಎದ್ದು ನಿಂತ. ಪಕ್ಕದಲ್ಲಿ, ತಡವಾಗಿ ಬಂದು ಸೀಟು ಸಿಗದ ದೇವದುರ್ಗದ ಮುದುಕಿ ಜಂಬಮ್ಮ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು.

"ಯವ್ವಾ, ನೀ ಕುಂದ್ರು" ಎಂದ ಅವಳಿಗೆ.

"ಬ್ಯಾಡ್ರಿ, ಸೂಗಮ್ಮ ನಿಮಗ ಕೊಟ್ಟಾಳ್ರಿ. ನೀವ ಕುಂದರ್ರಿ" ಎಂದಳು ಜಂಬಮ್ಮ, ಬಹಳ ಮರ್ಯಾದೆಯಿಂದ.

ಇನ್ನೊಬ್ಬನಿಗೆ ಹೇಳಿದ. ಅವನೂ ಅದನ್ನೇ ಹೇಳಿದ. ಯಾರೂ ಬೈಯಲಿಲ್ಲ, ಯಾರೂ ಗೊಣಗಲಿಲ್ಲ. ಬೈದಿದ್ದರೆ ಅವನು ತಿರುಗಿ ಬೈಯಬಹುದಿತ್ತು. ಅವನು ಕೂರಲಿಲ್ಲ, ಬೇರೆಯವರೂ ಕೂರಲಿಲ್ಲ. ಜನ ಬಾಗಿಲಿಗೆ ನೇತಾಡುವ ಗಾಡಿಯಲ್ಲಿ ಆ ಸೀಟು ಖಾಲಿ ಹೋಗುತ್ತಿತ್ತು. ಯಾದಗಿರಿಯಲ್ಲಿ ಹತ್ತಿದ ಒಬ್ಬ ದಢೂತಿ ಮನುಷ್ಯ ಖಾಲಿ ಸೀಟು ಕಂಡು, ಎಲಾ ನನ್ನ ಭಾಗ್ಯವೇ ಎನ್ನುವಂತೆ ನುಗ್ಗಿದ. ಅರ್ಧ ಬಗ್ಗಿದ್ದವನ ಅಂಗಿಯನ್ನು ಜಂಬಮ್ಮ ಜಗ್ಗಿ ಕಿವಿಯಲ್ಲಿ ಏನೋ ಹೇಳಿದಳು. ಅವನು ಬಗ್ಗಿದಷ್ಟೇ ಬೇಗ ನೆಟ್ಟಗಾಗಿ, ಅತ್ತ ಮುಖ ಮಾಡಿ ನಿಂತ. ನನಗೆ ನಗು ಬಂತು. ಬಂದದ್ದನ್ನು ನಾನು ತಡೆಯಲಿಲ್ಲ.

ವಾಡಿ ದಾಟಿದ ಮೇಲೆ ಮರಿಸ್ವಾಮಿ ಸರಳು ಹಿಡಿದುಕೊಂಡು ನನ್ನ ಕಡೆ ಬಾಗಿದ.

"ತಂಗೀ, ನೀ ಆಕಿ ಮಗಳೇನು?"

"ಆಕಿ ತಂಗಿ ಮಗಳು."

"ಆಕಿ ಗಂಡನ ಹೆಸರೇನವ್ವ? ಹೆಸರು ಕೇಳಿದ್ರ ನೆನಪಾದೀತು."

"ಹೆಸರು ಗೊತ್ತದ" ಎಂದೆ. "ಹೇಳೂದಿಲ್ಲ."

ಗುಲ್ಬರ್ಗಾದಲ್ಲಿ ನಾನು ಇಳಿಯುವಾಗಲೂ ಅವನು ನಿಂತೇ ಇದ್ದ. ಅವನ ಮಗಳಿಗೆ ಆಮೇಲೆ ಗುಣವಾಯಿತಂತೆ. ಆಗಲಿ, ಆ ಹುಡುಗಿ ನಮಗೇನು ಮಾಡಿದ್ದಾಳೆ?

ಮುಂದಿನದನ್ನು ಆ ಡಬ್ಬಿಯ ಜನವೇ ಮಾಡಿ ಮುಗಿಸಿದರು. ಅವರು ಊರೂರಿಗೆ ಹೋಗಿ ಹೇಳಿದರು. ಮಾನ್ವಿಯ ಬಸ್ಸಿನಲ್ಲಿ ಮರಿಸ್ವಾಮಿಯ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಸಂತೆಯಲ್ಲಿ ಹುಡುಗರು ಅವನನ್ನು ಕಂಡರೆ, "ಒಂಟಿ ಸೀಟು ಬಂತು, ದಾರಿ ಬಿಡ್ರಿ" ಎನ್ನುತ್ತಿದ್ದರು. ಬೀಗರ ಮನೆಯಲ್ಲೂ ಸುದ್ದಿ ಮುಟ್ಟಿತು. ಅವನು ಮಿಲ್ಲಿನ ಮೇಸ್ತ್ರಿಯನ್ನು ಬಾಗಲವಾಡದ ನಮ್ಮ ಕೇರಿಗೆ ಕಳಿಸಿ, ಸತ್ತವನ ಹೆಸರು ಕೇಳಿಸಿದ. ಕೇರಿಯ ಹಿರಿಯ ಉರುಕುಂದಪ್ಪಜ್ಜ ಬೀಡಿ ಆರಿಸಿ, "ನಿಮ್ಮ ಮಿಲ್ಲಿನ್ಯಾಗ ದುಡದವನ ಹೆಸರು ನಮಗ ಕೇಳ್ತೀರೇನಪಾ?" ಎಂದನಂತೆ. ಮನೆಮನೆಗೂ ಕೇಳಿದರು, ಒಬ್ಬರೂ ಬಾಯಿ ಬಿಡಲಿಲ್ಲ.

ದೀಪಾವಳಿಯ ರಜೆಗೆ ಬಂದವಳು ನಾನು ದೊಡ್ಡವ್ವನಿಗೆ ರೊಟ್ಟಿ ಬುತ್ತಿ ಒಯ್ದಿದ್ದೆ. ಮರಿಸ್ವಾಮಿ ಪ್ರಯಾಣದ ಚೀಲವಿಲ್ಲದೆ ಬಂದ. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೈ ಜೋಡಿಸಿದ.

"ಯವ್ವಾ, ಮಂದಿ ಮುಂದ ತಲಿ ಎತ್ತಾಕ ಆಗವಲ್ದು. ನಿನ್ನ ಗಂಡನ ಹೆಸರಿಲೆ ಈ ಟೇಶನ್ನಿನ ಹೊರಗ ನೀರಿನ ಅರವಟಿಗಿ ಕಟ್ಟಸ್ತೀನಿ. ಕಲ್ಲಿನ್ಯಾಗ ಹೆಸರು ಕೆತ್ತಸ್ತೀನಿ, ಬಂದ ಮಂದಿ ನೀರು ಕುಡದು ಅವನ್ನ ನೆನಸ್ತಾರ. ನಾ ಅವನ ಹೆಸರು ಹಿಡದು ತಪ್ಪಾತು ಅಂತೀನಿ. ಹೆಸರೊಂದು ಹೇಳವ್ವ."

ದೊಡ್ಡವ್ವ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಅವನು ಕೈ ಇಳಿಸಲಿಲ್ಲ. ಬೇರೆ ಕಡೆ ತಿರುಗಿ ಇನ್ನೊಬ್ಬರನ್ನು ಕೇಳಲೂ ಇಲ್ಲ, ಕೇಳಲು ಇನ್ನಾರೂ ಉಳಿದಿರಲಿಲ್ಲ. ಅವಳು ನಿಧಾನವಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೊಸ ಮದುವಣಗಿತ್ತಿಯ ಹಾಗೆ ಮುಖ ತಗ್ಗಿಸಿದಳು.

"ಅಯ್ಯ, ಗಂಡನ ಹೆಸರು ಹೆಣ್ಣಮಕ್ಕಳು ಬಾಯಿಲೆ ಹೇಳ್ತಾರೇನ್ರಿ ಸಾಹುಕಾರ್ರ?" ಎಂದಳು. "ಆಚಿ ಸರದು ನಿಂದರ್ರಿ, ಕಸ ಹೊಡೀಬೇಕು."